ಏಪ್ರಿಲ್ ತಿಂಗಳಿಗೆ ನಾನು ತರಿಸಿದ ಮಳೆ

ಮೊದಲೇ ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ೧೯೯೭ರ ಫೆಬ್ರುವರಿಯಲ್ಲಿ, ಕಾರವಾರದ ಒಂದು ಸರಕಾರಿ ಕಚೇರಿಯ ಫ್ಯಾನಿನ ಕೆಳಗೆ ಕುಳಿತು, ಅಂಕೋಲಾ ತಾಲೂಕಿನ ಒಂದು ಊರಿಗೆ ಏಪ್ರಿಲ್ ತಿಂಗಳಲ್ಲಿ ಎರಡೂವರೆ ಪಟ್ಟು ಮಳೆ ತರಿಸಿದವನು ನಾನು. ಹೋಮ ಮಾಡಿಸಲಿಲ್ಲ, ಕಪ್ಪೆಗಳಿಗೆ ಮದುವೆ ಮಾಡಿಸಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಗುಣಾಕಾರ ಮಾಡಿದೆ, ಅಷ್ಟೆ. ಆ ಮಳೆಯ ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಆದರೆ ಅದರ ದೆಸೆಯಿಂದ ಆ ಊರಿಗೆ ಆಗಬೇಕಿದ್ದ ಕಿಂಡಿ ಅಣೆಕಟ್ಟು ಮಂಜೂರಾತಿಯ ಪಟ್ಟಿಯಿಂದ ಕೆಳಗೆ ಬಿತ್ತು.

ವೃತ್ತಿಯ ಅನುಭವ ಬರೆಯುವವರೆಲ್ಲ ನಿವೃತ್ತರು, ಗಂಭೀರರು, ಆರಾಮ ಕುರ್ಚಿಯವರು. ನನಗೆ ಈಗ ಇಪ್ಪತ್ತೇಳು. ಪೆನ್ಶನ್ನಿಗೆ ಇನ್ನೂ ಮೂವತ್ತೊಂದು ವರ್ಷ ಇದೆ. ಅಲ್ಲಿಯ ತನಕ ಕಾದರೆ ಈ ಪ್ರಕರಣದಲ್ಲಿ ನಾನೇ ದೊಡ್ಡ ಬುದ್ಧಿವಂತನಾಗಿದ್ದೆ ಎಂದು ನನಗೇ ಅನಿಸತೊಡಗುವ ಅಪಾಯವಿದೆ. ಅದಕ್ಕೇ ನೆನಪು ಬಿಸಿಯಿರುವಾಗಲೇ ಬರೆಯುತ್ತಿದ್ದೇನೆ.

ಆಗ ನಾನು ನೀರಿನ ಯೋಜನೆಗಳ ಸಮೀಕ್ಷೆ ಮಾಡುವ ಉಪವಿಭಾಗದಲ್ಲಿ ಸಹಾಯಕ ಇಂಜಿನಿಯರ್. ಇನ್ನೂ ಪ್ರೊಬೇಷನ್, ಅಂದರೆ ಯಾವಾಗ ಬೇಕಾದರೂ ಮನೆಗೆ ಕಳಿಸಬಹುದಾದ ಸ್ಥಿತಿ. ಮನೆ ಚಿತ್ತಾಕುಲದಲ್ಲಿ. ದಿನಾ ಬಸ್ಸಿನಲ್ಲಿ ಕಾಳಿ ಸೇತುವೆ ದಾಟಿ ಕಚೇರಿಗೆ ಹೋಗುತ್ತಿದ್ದೆ. ಸೇತುವೆ ಮುಗಿಯುವುದರೊಳಗೆ ಕಂಡಕ್ಟರನ ಸ್ವರದಲ್ಲಿ ನಾನೇ ‘ಕೋಡಿಬಾಗ, ಕೋಡಿಬಾಗ’ ಎಂದು ಕೂಗಿ ಇಬ್ಬರನ್ನಾದರೂ ಎಬ್ಬಿಸಿ ನಿಲ್ಲಿಸುತ್ತಿದ್ದೆ. ಇಂಥ ಕಲೆ ನನಗೆ ಹುಟ್ಟಿನಿಂದ ಬಂದದ್ದು. ಕಾರ್ಯನಿರ್ವಾಹಕ ಇಂಜಿನಿಯರರ ಕೆಮ್ಮು, ಹೆಡ್ ಕ್ಲಾರ್ಕರ ನಿಟ್ಟುಸಿರು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಿರುಚಾಟ, ಎಲ್ಲ ಬರುತ್ತಿತ್ತು. ಮನೆಯಲ್ಲಿ ಅಮ್ಮ, ನಮ್ಮ ಆಯಿ, ಮಾತ್ರ ನಗುತ್ತಿರಲಿಲ್ಲ. “ತುಜೊ ಆವಾಜ್ ಖಂಚೊ ರೇ?” ಎಂದು ಕೊಂಕಣಿಯಲ್ಲಿ ಕೇಳುತ್ತಿದ್ದಳು. ಇದರಲ್ಲಿ ನಿನ್ನ ದನಿ ಯಾವುದೋ ಎಂದು. ಆ ಪ್ರಶ್ನೆಯನ್ನೂ ನಾನು ಅವಳ ಸ್ವರದಲ್ಲೇ ತಿರುಗಿ ಹೇಳುತ್ತಿದ್ದೆ.

ಈಗ ಊರಿನ ವಿಷಯ. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಓದಿದರೆ ಗುರುತು ಹಿಡಿಯುತ್ತಾರೆ, ಅಷ್ಟು ಸಾಕು. ಒಂದು ಹಳ್ಳ ಗುಡ್ಡದಿಂದ ಇಳಿದು ಊರನ್ನು ಸುತ್ತಿ ಹಿನ್ನೀರಿಗೆ ಸೇರುತ್ತದೆ. ಮಳೆಗಾಲದಲ್ಲಿ ಅದು ಯಾರ ಮಾತೂ ಕೇಳುವುದಿಲ್ಲ. ಮಾರ್ಚ್ ಬಂತೆಂದರೆ ಹಳ್ಳ ಸೊರಗಿ, ಭರತದ, ಅಂದರೆ ಉಬ್ಬರದ, ಹೊತ್ತಿಗೆ ಸಮುದ್ರದ ನೀರು ಅದರೊಳಗೇ ಮೇಲೆ ಹತ್ತಿ ಬರುತ್ತದೆ, ಬಾವಿಗಳು ಉಪ್ಪಾಗುತ್ತವೆ. ಅದಕ್ಕೆ ಊರಿನವರು ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಮನೆಗೊಬ್ಬರಂತೆ ಸೇರಿ ಹಳ್ಳಕ್ಕೆ ಅಡ್ಡಲಾಗಿ ಮಣ್ಣು, ಸೊಪ್ಪು, ಕಲ್ಲಿನ ಕಟ್ಟು ಹಾಕುತ್ತಿದ್ದರು. ಫೆಬ್ರುವರಿಯ ದೊಡ್ಡ ಭರತ ಅದನ್ನು ಒಡೆಯುತ್ತಿತ್ತು. ಆಮೇಲೆ ಜೂನ್ ತನಕ ಹೆಂಗಸರು ಇಳಿತದ ಹೊತ್ತು ನೋಡಿಕೊಂಡು, ಗುಡ್ಡದ ಬುಡದ ಒರತೆಯಿಂದ ಸಿಹಿನೀರು ಹೊರಬೇಕು. ಅವರು ಕೇಳುತ್ತಿದ್ದದ್ದು ಒಂದೇ: ಆ ಮಣ್ಣಿನ ಕಟ್ಟಿನ ಜಾಗದಲ್ಲಿ ಕಾಂಕ್ರೀಟಿನ ಕಿಂಡಿ ಅಣೆಕಟ್ಟು. ಮಳೆ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿದರೆ ಸಿಹಿನೀರು ಒಳಗೆ, ಉಪ್ಪುನೀರು ಹೊರಗೆ.

ನಮ್ಮ ಕಚೇರಿ ಅದಕ್ಕೆ ನಕಾಶೆ ಮಾಡಿ ಕಳಿಸಿತ್ತು. ಅಷ್ಟರಲ್ಲಿ ಮೇಲಿನಿಂದ ಹೊಸ ಆದೇಶ ಬಂತು: ಯಾವ ಯೋಜನೆಯಾದರೂ ಮುಂದಿನ ಹವಾಮಾನಕ್ಕೆ ತಾಳುತ್ತದೆಯೇ ಎಂದು ಕ್ಲೈಮೇಟ್ ಮಾಡೆಲ್ ಇಟ್ಟು ಪರೀಕ್ಷಿಸಬೇಕು. ರಾಜಧಾನಿಯಿಂದ ಒಬ್ಬರು ಸಲಹೆಗಾರರು ನಾಲ್ಕು ಫ್ಲಾಪಿಗಳೊಂದಿಗೆ ಬಂದರು. ಡಾಕ್ಟರೇಟ್ ಇದ್ದದ್ದರಿಂದ ನಾವೆಲ್ಲ ಡಾಕ್ಟರ್ ಸಾಹೇಬರು ಎನ್ನುತ್ತಿದ್ದೆವು. ಪ್ರತಿ ವಾಕ್ಯವನ್ನೂ ‘ಇನ್ ಪ್ರಿನ್ಸಿಪಲ್’ ಎಂದು ಶುರು ಮಾಡುತ್ತಿದ್ದರು. ಹತ್ತು ನಿಮಿಷದಲ್ಲಿ ನನಗೆ ಅವರು ಬಾಯಿಪಾಠವಾದರು.

ಮಾಡೆಲ್ ಎಂದರೇನು ಎಂದು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಭೂಮಿಗೆಲ್ಲ ದೊಡ್ಡ ದೊಡ್ಡ ಚೌಕದ ಹಂಚು ಹಾಸಿದ್ದಾರೆ ಎಂದುಕೊಳ್ಳಿ. ಗಾಳಿ, ಬಿಸಿಲು, ಆವಿಗಳ ಸಮೀಕರಣ ಬಿಡಿಸಿ, ಒಂದೊಂದು ಹಂಚಿಗೆ ದಿನಕ್ಕೆ ಒಂದು ಮಳೆಯ ಅಂಕಿ ಕೊಡುತ್ತದೆ ಕಂಪ್ಯೂಟರ್. ಇಂಥ ತಾರೀಖು ಮಳೆ ಬರುತ್ತದೆ ಎಂದು ಅದು ಹೇಳುವುದಿಲ್ಲ. ಇಂಥ ತಿಂಗಳ ಸ್ವಭಾವ ಹೀಗೆ ಎನ್ನುತ್ತದೆ. ನಮ್ಮ ಪಾಲಿನ ಹಂಚು ಕಾರವಾರದ ಸಮುದ್ರದಿಂದ ಹುಬ್ಬಳ್ಳಿಯ ಆಚೆಯವರೆಗೆ. ನಡುವಿನ ಘಟ್ಟವನ್ನು ಇಸ್ತ್ರಿ ಹಾಕಿ ಚಪ್ಪಟೆ ಮಾಡಿದ್ದರು. ಘಟ್ಟಕ್ಕೆ ಮೋಡ ಢಿಕ್ಕಿ ಹೊಡೆಯುವುದೇ ಇಲ್ಲವಾದ್ದರಿಂದ ಜೂನ್, ಜುಲೈಗಳಲ್ಲಿ ನಮಗೆ ಬೀಳುವ ಮಳೆಯ ಅರ್ಧವೂ ಆ ಮಾಡೆಲಿನಲ್ಲಿ ಬೀಳುತ್ತಿರಲಿಲ್ಲ. ಬದಲಿಗೆ ವರ್ಷವಿಡೀ ಪಿಚಿಪಿಚಿ. ಮಾರ್ಚ್, ಏಪ್ರಿಲ್‌ನಲ್ಲೂ ಮೂರು ದಿನಕ್ಕೊಮ್ಮೆ ಒಂದು ತುಂತುರು. ಹೀಗೆ ಯಾವಾಗಲೂ ಒಂದೇ ಕಡೆಗೆ ವಾಲುವ ತಪ್ಪಿಗೆ ‘ಬಯಸ್’ ಎನ್ನುತ್ತಾರೆ. ನಮ್ಮ ಮನೆಯ ಗಡಿಯಾರ ದಿನಾ ಹತ್ತು ನಿಮಿಷ ಮುಂದೆ ಇರುವುದಿಲ್ಲವೇ, ಹಾಗೆ. ವಾಲುವುದು ಗೊತ್ತಿದ್ದರೆ ತಿದ್ದಬಹುದು.

ತಿದ್ದುವ ಕೆಲಸ ನನಗೆ ಬಂತು. ಊರಿನ ಮಳೆಮಾಪಕದ ಹನ್ನೊಂದು ವರ್ಷದ ರಿಜಿಸ್ಟರುಗಳನ್ನು ನಾನೇ ದಿನದಿನವೂ ಬಿಡದೆ ಕಂಪ್ಯೂಟರಿಗೆ ಕುಟ್ಟಿ ತುಂಬಿದೆ. ಅದೇ ಹನ್ನೊಂದು ವರ್ಷಗಳಿಗೆ ಮಾಡೆಲ್ ಏನು ಹೇಳುತ್ತದೆ ಎಂದು ಪಕ್ಕದಲ್ಲಿಟ್ಟೆ. ರಿಜಿಸ್ಟರಿನ ವರ್ಷದ ಒಟ್ಟು ಮಳೆಯನ್ನು ಮಾಡೆಲಿನ ಒಟ್ಟು ಮಳೆಯಿಂದ ಭಾಗಿಸಿದೆ. ಎರಡೂವರೆ ಬಂತು. ಮಾಡೆಲಿನ ಎಲ್ಲ ದಿನಗಳ ಮಳೆಯನ್ನೂ ಎರಡೂವರೆಯಿಂದ ಗುಣಿಸಿದೆ. ವರ್ಷದ ಮೊತ್ತ ತಾಳೆಯಾಯಿತು. ನಮ್ಮ ಕಚೇರಿಯಲ್ಲಿ ಮೊತ್ತ ತಾಳೆಯಾದ ಹಾಳೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಕೆಂಪು ಟಿಕ್ ಹಾಕಿ ಮುಂದೆ ಕಳಿಸುತ್ತಾರೆ. ನಾನೂ ಹಾಗೇ ಬೆಳೆದವನು. ಸಹಿ ಹಾಕಿ, ಸಂಭ್ರಮಕ್ಕೆ ಪ್ರಿಂಟರಿನ ದನಿಯಲ್ಲಿ ಕಿರುಚಿ, ಹಾಳೆ ಒಪ್ಪಿಸಿದೆ.

ನಮ್ಮ ಮನೆಯ ಗಡಿಯಾರ ಬೆಳಿಗ್ಗೆ ಹಿಂದೆ, ಸಂಜೆ ಮುಂದೆ ಓಡುವ ಜಾತಿಯದಾಗಿದ್ದರೆ? ಎಲ್ಲ ಹೊತ್ತಿಗೂ ಒಂದೇ ಲೆಕ್ಕ ಕೂಡಿಸಿದರೆ ಸಂಜೆ ಇನ್ನೂ ಹಾಳು. ನಾನು ಮಾಡಿದ್ದು ಅದನ್ನೇ. ಜುಲೈ ಸರಿಯಾಗಲೆಂದು ಹಾಕಿದ ಗುಣಾಕಾರ, ಇಲ್ಲದ ಏಪ್ರಿಲ್ ತುಂತುರನ್ನು ಎರಡೂವರೆ ಪಟ್ಟು ಕೊಬ್ಬಿಸಿತು. ಕಾಗದದ ಮೇಲೆ ಹಳ್ಳ ಬೇಸಿಗೆಯಲ್ಲೂ ಹರಿಯಿತು. ಮಾರ್ಚ್ ಕೊನೆಗೆ ಡಾಕ್ಟರ್ ಸಾಹೇಬರ ಕರಡು ವರದಿ ಬಂತು: ‘ಬೇಸಿಗೆಯಲ್ಲೂ ಹರಿವು ಇರುವುದರಿಂದ ಸಂಗ್ರಹದ ಅಗತ್ಯ ಕಂಡುಬರುವುದಿಲ್ಲ.’ ಅಡಿಟಿಪ್ಪಣಿಯಲ್ಲಿ: ‘ತಿದ್ದುಪಡಿಯನ್ನು ಸ್ಥಳೀಯ ಇಂಜಿನಿಯರ್ ದೃಢೀಕರಿಸಿದ್ದಾರೆ.’ ಆ ಸ್ಥಳೀಯ ಇಂಜಿನಿಯರ್ ಅಡಿಟಿಪ್ಪಣಿಯನ್ನು ನೋಡಿ ಹೆಮ್ಮೆಪಟ್ಟುಕೊಂಡ. ಅವನಿಗೆ ಇನ್ನೂ ತಲೆಗೆ ಹೋಗಿರಲಿಲ್ಲ.

ಏಪ್ರಿಲ್ ಎರಡನೇ ವಾರ ಇ.ಇ. ಸಾಹೇಬರು, ಅಂದರೆ ಆ ಕೆಮ್ಮಿನ ಕಾರ್ಯನಿರ್ವಾಹಕ ಇಂಜಿನಿಯರರು, ಊರಿಗೆ ವಿಷಯ ತಿಳಿಸಿ ಬಾ ಎಂದು ಕಳಿಸಿದರು. ಜೀಪು ಊರು ಮುಟ್ಟಿದಾಗ ಬೆಳಿಗ್ಗೆ ಎಂಟೂವರೆ, ಮಳೆ ಓದುವ ಹೊತ್ತು. ಶಾಲೆಯ ಬಯಲಿನ ಬೇಲಿಯೊಳಗೆ ಮಳೆಮಾಪಕದ ಮುಚ್ಚಳ ತೆಗೆಯುತ್ತ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸು, ಕೊರಳ ತುಂಬ ಮಣಿಸರ, ಸೊಂಟದಲ್ಲಿ ಸಿಂಬೆ. ಹನ್ನೊಂದು ವರ್ಷದ ಅಂಕಿಗಳ ಒಡತಿ ದೇವಕ್ಕ ಇವಳೇ. ಗಂಡ ಮಾಡುತ್ತಿದ್ದ ಕೆಲಸ, ಅವನು ತೀರಿಕೊಂಡ ಮೇಲೆ ಇವಳಿಗೆ ಬಂದಿತ್ತು. ಅಳತೆಯ ಗ್ಲಾಸಿನ ಅಂಕಿ ಓದಲು ಶಾಲೆಯ ಮಾಸ್ತರರು ಕಲಿಸಿಕೊಟ್ಟಿದ್ದರಂತೆ.

“ಎಂತ ತಮಾ, ಖಾಲಿ ಡಬ್ಬಿ ನೋಡೂಕೆ ಕಾರವಾರದಿಂದ ಬಂದ್ರಾ?” ಎಂದಳು.

ಗ್ಲಾಸು ಬೋರಲು ಹಾಕಿ ತೋರಿಸಿ, ರಿಜಿಸ್ಟರಿನಲ್ಲಿ ಸೊನ್ನೆ ಬರೆದಳು. ಮೇಲಿನ ಸಾಲೂ ಸೊನ್ನೆ, ಅದರ ಮೇಲಿನದೂ ಸೊನ್ನೆ. ಜನವರಿಯವರೆಗೆ ಸೊನ್ನೆಗಳ ಸರ. ನನ್ನ ಕೈಯಲ್ಲಿ ಬೇಸಿಗೆಯ ಹೊಳೆ ಹರಿಯುವ ವರದಿ. ಹಳ್ಳ ಎಲ್ಲಿ ಎಂದು ಕೇಳಿದೆ. ಅವಳು ಬೆರಳು ತೋರಿಸಿದ ಕಡೆ ಒಡೆದ ಮಣ್ಣಿನ ಕಟ್ಟು, ಅದರ ಎರಡೂ ಬದಿಗೆ ಉಪ್ಪಿನ ಬಿಳಿ ಗೆರೆ ಬಿದ್ದ ಕೆಸರು. ಆ ಹೊತ್ತಿಗೆ ನನಗೆ ನನ್ನ ಗುಣಾಕಾರ ಅರ್ಥವಾಯಿತು.

ಅಣೆಕಟ್ಟು ಆಗುವುದಿಲ್ಲ, ಅದಕ್ಕೆ ಕಾರಣ ನಾನು ಎಂದು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ರಿಜಿಸ್ಟರು ಮಡಚಿ, ಸಿಂಬೆ ತಲೆಗೇರಿಸಿ, ಕೂಲಿಗೆ ಹೊತ್ತಾಯಿತು, ಮಾತಾಡುವುದಿದ್ದರೆ ಜೊತೆಗೆ ನಡೆ ಎಂದಳು. ಜೀಪು ಬಿಟ್ಟು ನಡೆದೆ. ಅವಳು ಹೋದದ್ದು ಊರಿನಂಚಿನ ಉಪ್ಪಿನ ಆಗರಕ್ಕೆ. ಸಮುದ್ರದ ನೀರನ್ನು ಸಣ್ಣ ಸಣ್ಣ ಪಾತಿಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ ಉಪ್ಪು ಎಳೆಯುವ ಜಾಗ. ಜನವರಿ ಕೊನೆಯಿಂದ ಮೇ ತನಕ ಅವಳು ಅಲ್ಲಿ ಉಪ್ಪು ಹೊರುತ್ತಾಳೆ. ಒಂದು ಬುಟ್ಟಿ ಹೊತ್ತರೆ ಒಂದು ಕಲ್ಲು ಬದಿಗಿಡುವುದು ಅಲ್ಲಿಯ ಲೆಕ್ಕ. ಜುಲೈ ತಿಂಗಳ ಮಳೆಯನ್ನೂ ಅವಳು ಹಾಗೇ ಅಳೆಯುವುದಂತೆ: ಒಂದು ಗ್ಲಾಸು ಸುರಿದರೆ ಒಂದು ಕಲ್ಲು, ಕೊನೆಗೆ ಕಲ್ಲು ಎಣಿಸಿ ಬರೆಯುವುದು. ಅದಕ್ಕೇ ಅವಳ ಮಳೆಗಾಲದ ಅಂಕಿಗಳಲ್ಲಿ ನನಗೆ ಒಂದೂ ಅಡ್ಡಾದಿಡ್ಡಿ ಸಿಕ್ಕಿರಲಿಲ್ಲ.

ಆಗರದ ಮುಕಾದಮ, ಅಂದರೆ ಕೂಲಿಯವರ ಮೇಲ್ವಿಚಾರಕ, ಒಂದು ತಗಡಿನ ಚಪ್ಪರದಡಿ ದಿನವಹಿ ಪುಸ್ತಕ ಬರೆಯುತ್ತ ಕುಳಿತಿದ್ದ. ಅಲ್ಲಲ್ಲಿ ಕೆಂಪು ಶಾಯಿಯ ಸಾಲು ಕಂಡಿತು. ಏನೆಂದು ಕೇಳಿದೆ. ‘ಮಳೆ, ಕೆಲಸ ಬಂದ್’ ಎಂದು ಓದಿ ಹೇಳಿದ. ನಾಲ್ಕು ಹನಿ ಬಿದ್ದರೂ ಪಾತಿಯ ನೀರು ತೆಳ್ಳಗಾಗಿ ಹರಳು ಕಟ್ಟುವುದಿಲ್ಲ, ಗುಡ್ಡೆ ಹಾಕಿದ ಉಪ್ಪಿಗೆ ಓಡಿಹೋಗಿ ತೆಂಗಿನ ಮಡಲು ಮುಚ್ಚಬೇಕು, ಮೂರು ದಿನದ ಬಿಸಿಲು ದಂಡ ಎಂದು ವಿವರಿಸಿದ. ನನಗೆ ಅಲ್ಲೇ ಕೂರಬೇಕೆನಿಸಿತು. ಮಳೆಮಾಪಕಕ್ಕೆ ಸಿಗದ ಸಣ್ಣ ತುಂತುರನ್ನೂ ಹಿಡಿಯುವ ಎಕರೆಗಟ್ಟಲೆ ಅಗಲದ ಮಳೆಮಾಪಕದ ನಡುವೆ ನಾನು ನಿಂತಿದ್ದೆ.

ಹಳೆಯ ದಿನವಹಿಗಳು ಪೆಟ್ಟಿಗೆಯಲ್ಲಿದ್ದವು. ಐದು ದಿನ ರಜೆ ಹಾಕಿ ಅದೇ ಚಪ್ಪರದಡಿ ಹನ್ನೊಂದು ಬೇಸಿಗೆಗಳನ್ನು ಪುಟಪುಟವಾಗಿ ನೋಡಿದೆ. ಏಪ್ರಿಲ್‌ನಲ್ಲಿ ಕೆಂಪು ಸಾಲು ಇಲ್ಲದ ವರ್ಷಗಳೇ ಹೆಚ್ಚು. ಇದ್ದ ಕಡೆ ದೇವಕ್ಕನ ರಿಜಿಸ್ಟರಿನಲ್ಲೂ ಮಳೆ ಇತ್ತು. ಒಂದೇ ಒಂದು ದಿನ ಹೊಂದಲಿಲ್ಲ. ದಿನವಹಿಯಲ್ಲಿ ಕೆಂಪು, ನನ್ನ ಕಂಪ್ಯೂಟರ್ ಹಾಳೆಯಲ್ಲಿ ದೇವಕ್ಕನ ಸೊನ್ನೆ. ಅದೊಂದನ್ನು ಹಿಡಿದು ಅವಳ ಹನ್ನೊಂದು ವರ್ಷವನ್ನೂ ಸುಳ್ಳೆನ್ನುತ್ತಾರೆ. ಆ ದಿನವನ್ನು ಮೆಲ್ಲಗೆ ಬಿಟ್ಟುಬಿಡೋಣ ಎಂಬ ಯೋಚನೆ ಬಂತು, ಸುಳ್ಳೇಕೆ ಹೇಳಲಿ. ಅವಳನ್ನೇ ಕೇಳಿದೆ.

“ಅವತ್ತು ನಾ ಊರಲ್ಲೇ ಇಲ್ಲ. ಮಗಳ ಹೆರಿಗಿಗೆ ಹಣಕೋಣಕ್ಕೆ ಹೋಗಿದ್ದೆ. ನೋಡದೇ ಇದ್ದದ್ದು ಹ್ಯಾಂಗೆ ಬರೂದು? ಜಾಗ ಖಾಲಿ ಬಿಟ್ಟಿದ್ದೆ. ಸೊನ್ನಿ ನಂದಲ್ಲ ತಮಾ, ನಿಮ್ಮ ಕಚೇರಿದು.”

ಮೂಲ ರಿಜಿಸ್ಟರು ತೆಗೆಸಿ ನೋಡಿದೆ. ಜಾಗ ಖಾಲಿಯೇ ಇತ್ತು. ಖಾಲಿ ಕಂಡಲ್ಲೆಲ್ಲ ಸೊನ್ನೆ ಒತ್ತಿದ್ದ ಕಚೇರಿಯ ಆ ಮಹಾನುಭಾವ ಯಾರು ಎಂದು ಬೇರೆ ಹೇಳಬೇಕೇ? ಹನ್ನೊಂದು ಬೇಸಿಗೆಗಳ ಒಂದೇ ಸುಳ್ಳು ಸೊನ್ನೆ ನನ್ನ ಬೆರಳಿನದು.

ಕಾರವಾರಕ್ಕೆ ಮರಳಿ ಹೊಸದಾಗಿ ಶುರು ಮಾಡಿದೆ. ಮೊದಲು ಮಾಡೆಲಿನ ಪಿಚಿಪಿಚಿ ದಿನಗಳಿಗೆ ಒಂದು ಗೆರೆ ಎಳೆದು, ಅದಕ್ಕಿಂತ ಕಡಿಮೆಯ ಮಳೆಯನ್ನೆಲ್ಲ ಸೊನ್ನೆ ಮಾಡಿದೆ. ಪ್ರತಿ ತಿಂಗಳ ಮಳೆದಿನಗಳ ಎಣಿಕೆ ದೇವಕ್ಕನ ಎಣಿಕೆಗೆ ಹೊಂದುವಂತೆ ಆ ಗೆರೆಯನ್ನು ಇಟ್ಟೆ. ಆಮೇಲೆ ಉಳಿದ ಮಳೆಗೆ ತಿಂಗಳಿಗೊಂದು ಬೇರೆ ಬೇರೆ ಗುಣಾಕಾರ. ಆರು ವರ್ಷಗಳಿಂದ ತಿದ್ದುಪಡಿ ಕಂಡುಕೊಂಡು, ಉಳಿದ ಐದು ವರ್ಷಗಳ ಮೇಲೆ ಪರೀಕ್ಷಿಸಿದೆ. ತಾನೇ ಬರೆದ ಉತ್ತರಕ್ಕೆ ತಾನೇ ಮಾರ್ಕು ಕೊಟ್ಟುಕೊಳ್ಳಬಾರದಲ್ಲ. ಆ ಐದು ವರ್ಷಗಳಲ್ಲೂ ಮಾರ್ಚ್ ಮುಗಿಯುವುದರೊಳಗೆ ಕಾಗದದ ಹಳ್ಳ ಬತ್ತಿತು, ನಿಜವಾದ ಹಳ್ಳದ ಹಾಗೇ. ಅಣೆಕಟ್ಟು ಬೇಕೇಬೇಕು ಎಂದಾಯಿತು. ಜುಲೈ ಮಳೆ ದಪ್ಪವಾದದ್ದರಿಂದ ಕಿಂಡಿಗಳು ಮೊದಲಿನ ನಕಾಶೆಗಿಂತ ಅಗಲವಾಗಬೇಕು ಎಂದೂ ತಿಳಿಯಿತು.

ಡಾಕ್ಟರ್ ಸಾಹೇಬರಿಗೆ ಫೋನಿನಲ್ಲಿ ಹೇಳಿದೆ. ಒಪ್ಪಲಿಲ್ಲ. ಕೂಲಿ ಹೆಂಗಸು ಬರೆದ ಸೊನ್ನೆಗಳನ್ನು ನಂಬಿ ಮಾಡೆಲ್ ತಿರುಚಲಾಗುವುದಿಲ್ಲ ಎಂದರು. ಅಂತಿಮ ವರದಿಯ ದೃಢೀಕರಣದ ಹಾಳೆಗೆ ಮೇ ಹತ್ತರೊಳಗೆ ಸಹಿ ಮಾಡಿ ಕಳಿಸಬೇಕು, ತಿಂಗಳ ಕೊನೆಗೆ ಪಟ್ಟಿ ಮುಚ್ಚುತ್ತದೆ ಎಂದೂ ಹೇಳಿದರು. ಹೆಡ್ ಕ್ಲಾರ್ಕರು ನಿಟ್ಟುಸಿರಿನೊಡನೆ ನನ್ನ ಪ್ರೊಬೇಷನ್ ನೆನಪಿಸಿದರು.

ಆ ಮಧ್ಯಾಹ್ನ ನಾನು ಸಿಟ್ಟು ಇಳಿಸಿಕೊಳ್ಳುತ್ತಿದ್ದದ್ದು ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ. ಡ್ರಾಯಿಂಗ್ ಹಾಲಿನಲ್ಲಿ ಸ್ಟೂಲಿನ ಮೇಲೆ ನಿಂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, “ಇನ್ ಪ್ರಿನ್ಸಿಪಲ್ ಮಳೆ ಬಿದ್ದಿದೆ. ನೆಲದ ಮೇಲೆ ಕಾಣದಿದ್ದರೆ ಅದು ನೆಲದ ತಪ್ಪು” ಎನ್ನುತ್ತಿದ್ದೆ. ನಗುತ್ತಿದ್ದವರೆಲ್ಲ ಒಮ್ಮೆಲೇ ನಗು ನಿಲ್ಲಿಸಿದರು. ಬಾಗಿಲಲ್ಲಿ ಇ.ಇ. ಸಾಹೇಬರು. ಕೆಮ್ಮಲಿಲ್ಲ ಕೂಡ.

“ಅವರ ದನಿಯಲ್ಲಿ ಹೇಳಿದ್ದು ಸಾಕು,” ಎಂದರು. “ನಿನ್ನ ದನಿಯಲ್ಲಿ ಬರೆದು ತಾ. ಸಹಿ ಇರಲಿ.”

ಆಯಿ ಮತ್ತು ಅವರು ಮಾತಾಡಿಕೊಂಡಿದ್ದಾರೆಯೇ ಎಂದು ಅನುಮಾನ ಬಂತು.

ಬರೆದೆ. ಫೆಬ್ರುವರಿಯಲ್ಲಿ ನಾನು ಸಲ್ಲಿಸಿದ ತಿದ್ದುಪಡಿ ತಪ್ಪು, ಅದನ್ನು ಹಿಂತೆಗೆದುಕೊಳ್ಳುತ್ತೇನೆ, ಒಂದು ಖಾಲಿ ಜಾಗವನ್ನು ಸೊನ್ನೆ ಮಾಡಿದ್ದೂ ನಾನೇ, ಈ ವರದಿಯನ್ನು ದೃಢೀಕರಿಸುವುದಿಲ್ಲ, ಇದಕ್ಕಾಗಿ ನನ್ನ ಮೇಲೆ ಕ್ರಮ ಆಗುವುದಿದ್ದರೆ ಆಗಲಿ ಎಂದು. ಒಂದೂವರೆ ಪುಟ. ನನ್ನ ಜೀವಮಾನದಲ್ಲಿ ನಗಿಸಲು ಒಂದೂ ಮಾತಿಲ್ಲದೆ ನಾನು ಬರೆದ ಮೊದಲ ಬರಹ. ಒಂದಕ್ಷರ ಹಿಂದೆ ತೆಗೆಯಲಿಲ್ಲ. ಇ.ಇ. ಸಾಹೇಬರು ಅದರ ಕೆಳಗೆ ಒಂದೇ ಸಾಲು ಸೇರಿಸಿದರು: ಸ್ಥಳದಲ್ಲೇ ಜಂಟಿ ಪರಿಶೀಲನೆ ಆಗಲಿ.

ಮೇ ಮೂರನೇ ವಾರ ಒಂದು ಬೆಳಿಗ್ಗೆ ಎಂಟೂವರೆಗೆ ಶಾಲೆಯ ಬಯಲಿನಲ್ಲಿ ಎಲ್ಲರೂ ಸೇರಿದೆವು. ಮುಕಾದಮ ದಿನವಹಿಗಳ ಪೆಟ್ಟಿಗೆ ಹೊರಿಸಿಕೊಂಡು ಬಂದಿದ್ದ. ಊರಿನವರು ಬೇಲಿಯ ಹೊರಗೆ ನಿಂತಿದ್ದರು.

ಅಲ್ಲಿ ಏನಾಯಿತು ಎನ್ನುವ ಮೊದಲು ಆಮೇಲಿನದನ್ನು ಹೇಳಿ ಮುಗಿಸುತ್ತೇನೆ. ಅಣೆಕಟ್ಟು ಪಟ್ಟಿಗೆ ಮರಳಿತು. ಹೋದ ವರ್ಷ ನವೆಂಬರಿನಲ್ಲಿ ಮೊದಲ ಸಲ ಹಲಗೆ ಹಾಕಿದರು. ಈ ಮೇ ತಿಂಗಳಲ್ಲಿ ಊರಿನ ಬಾವಿಯ ನೀರು ಕುಡಿದು ನೋಡಿದೆ, ಬಾವಿ ಉಪ್ಪಾಗಿರಲಿಲ್ಲ. ನನ್ನ ಪ್ರೊಬೇಷನ್ ಆರು ತಿಂಗಳು ಮುಂದೆ ಹೋಯಿತು, ಅದು ನ್ಯಾಯವೇ. ಡಾಕ್ಟರ್ ಸಾಹೇಬರೂ ಕೆಟ್ಟವರಲ್ಲ. ಈಗ ಹೊಸ ಜಿಲ್ಲೆಗೆ ಹೋದರೆ ಬೇಸಿಗೆಯಲ್ಲಿ ಇಲ್ಲಿ ಏನು ಒಣಗಿಸುತ್ತಾರೆ ಎಂದು ಮೊದಲು ಕೇಳುತ್ತಾರಂತೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೆ: ಮೊತ್ತ ತಾಳೆಯಾಯಿತೆಂದು ತಪ್ಪು ಹೋಗುವುದಿಲ್ಲ, ಕೆಲವು ಸಲ ಅದು ಅಡಗುವುದೇ ಅಲ್ಲಿ. ಮಾಡೆಲನ್ನು ತಿದ್ದಬಹುದು, ತಿದ್ದಲೇಬೇಕು. ಆದರೆ ಯಾವುದಕ್ಕೆ ಹೊಂದಿಸಿ ತಿದ್ದುತ್ತೇವೋ ಅದನ್ನು ಬರೆದ ಕೈ ಯಾವುದು, ಆ ಕೈಗೆ ಮಳೆಯಿಂದ ಏನಾಗುತ್ತದೆ ಎಂದು ಹೋಗಿ ನೋಡಬೇಕು. ಈ ತಿದ್ದುಪಡಿ ಮುಂದಿನ ಐವತ್ತು ವರ್ಷಕ್ಕೂ ನಿಲ್ಲುತ್ತದೆಯೇ ಎಂದು ಕೇಳಿದರೆ ಗೊತ್ತಿಲ್ಲ ಎಂದು ನನ್ನ ದನಿಯಲ್ಲೇ ಹೇಳುತ್ತೇನೆ.

ಆ ಬೆಳಿಗ್ಗೆ ಡಾಕ್ಟರ್ ಸಾಹೇಬರು ರಿಜಿಸ್ಟರು ತಿರುವಿ ಹಾಕಿದರು. ದೇವಕ್ಕ ಗ್ಲಾಸು ಹಿಡಿದು ಎದುರಿಗೆ ನಿಂತಿದ್ದಳು, ಬೆರಳ ಸಂದಿಗಳಲ್ಲಿ ಉಪ್ಪು ಕೊರೆದ ಬಿರುಕು. ಅವರು ಕನ್ನಡಕ ಇಳಿಸಿ, ನಾನು ಅಣಕಿಸುತ್ತಿದ್ದ ಹಾಗೆಯೇ ಕೇಳಿದರು: “ಏನಮ್ಮಾ, ಬೇಸಿಗೆಯಲ್ಲಿ ಬರೀ ಸೊನ್ನೆ ಬರೆದಿದ್ದೀರಿ. ದಿನಾ ಡಬ್ಬಿ ತೆಗೆದು ನೋಡಿಯೇ ಬರೆದದ್ದು ಅಂತ ನಾವು ಹೇಗೆ ನಂಬೋದು?”

ದೇವಕ್ಕ ಗ್ಲಾಸನ್ನು ಬೇಲಿಯ ಗೂಟದ ಮೇಲೆ ಬೋರಲು ಇಟ್ಟಳು.

“ಡಬ್ಬಿ ನಾ ನೋಡ್ಲೇ ಇಲ್ಲ ಅಂತ ಇಟ್ಕಳ್ಳಿ, ಒಡೆಯಾ. ಹನ್ನೊಂದು ವರ್ಷ ನಿಮ್ಮ ಮಿಶನ್ನು ಹೊಯ್ದ ಮಳಿಗೆ ನಮ್ಮ ಆಗರದಲ್ಲಿ ಒಂದು ಹರಳು ಉಪ್ಪು ಕರಗ್ಲಿಲ್ಲ.”